ಕೋಲುಚುಕ್ಕಿ ಹಾಕ್ರಿ

ಮೊನ್ನೆ ನನ್ನ ಮಗಳು ಫೋನಿನಲ್ಲಿ, “ಸಂಜೆ ತಡ ಆಗುತ್ತೆ” ಅಂತ ಬರೆದಿದ್ದಳು. ನಾನು “ಸರಿ” ಅಂತ ಬರೆದು, ಹಳೇ ಅಭ್ಯಾಸಕ್ಕೆ ಮುಂದೊಂದು ಚುಕ್ಕಿ ಇಟ್ಟೆ. ತಕ್ಷಣ ಕರೆ ಮಾಡಿದಳು. “ಅಮ್ಮಾ, ಯಾಕೆ ಸಿಟ್ಟು? ಚುಕ್ಕಿ ಇಟ್ಟಿದೀಯಲ್ಲ!” ಅಂದಳು. ನನಗೆ ನಗು ತಡೆಯಲಿಲ್ಲ. ಅಲ್ಲಾ, ಚುಕ್ಕಿಯ ವಿಚಾರ ನನಗೇ ಹೇಳಿಕೊಡಲು ಬಂದಳಲ್ಲ ಇವಳು! ಚುಕ್ಕಿ ಇಟ್ಟೇ ಸಂಬಳ ಎಣಿಸಿದವಳು ನಾನು. ಅವಳು ಹುಟ್ಟುವುದಕ್ಕೂ ಮೊದಲು ದಾವಣಗೆರೆಯ ಇಡೀ ಮಂಡಿಪೇಟೆಗೆ ಯಾವ ಚುಕ್ಕಿಗೆ ಎಷ್ಟು ಸಿಟ್ಟು ಅಂತ ಕಲಿಸಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾವಣಗೆರೆಗೆ ಪೇಜರ್ ಬಂದಿತ್ತು. ಈಗಿನವರಿಗೆ ಅದನ್ನು ಬಿಡಿಸಿ ಹೇಳಬೇಕು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬೆಂಕಿಪೊಟ್ಟಣದಂಥ ಡಬ್ಬಿ ಅದು. ಅದರಲ್ಲಿ ಮಾತಾಡಲು ಬಾರದು, ಉತ್ತರ ಕೊಡಲೂ ಬಾರದು. ಯಾರಿಗಾದರೂ ಏನಾದರೂ ತಿಳಿಸಬೇಕಿದ್ದರೆ ನಮ್ಮ ಆಫೀಸಿಗೆ ಫೋನ್ ಮಾಡಿ, ಇಂಥ ನಂಬರಿಗೆ ಇಂಥ ಮಾತು ಕಳಿಸಿ ಅಂತ ಹೇಳಬೇಕು. ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ ಹುಡುಗಿಯರು ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೆವು. ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ಅಲ್ಲಿ ಸಾಹುಕಾರರ ಸೊಂಟದಲ್ಲಿ ಡಬ್ಬಿ ಕುಂಯ್‌ಕುಂಯ್ ಅಂದರೆ ಅವರು ಗತ್ತಿನಿಂದ ಅದನ್ನು ಬಿಚ್ಚಿ, ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಓದುವುದಕ್ಕಿಂತ ಅದನ್ನು ಬಿಚ್ಚುವ ಗತ್ತೇ ದೊಡ್ಡದು.

ನಮ್ಮ ಮನೆ ಹರಿಹರದಲ್ಲಿ. ಅಪ್ಪನದು ಹಿಟ್ಟಿನ ಗಿರಣಿ. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಸಂಜೆ ಬಸ್ಸು ಹತ್ತಿ ವಾಪಸ್ ಹೋಗುತ್ತಿದ್ದೆ. ಎಸಿ ಹಾಕಿದ ರೂಮಿನಲ್ಲಿ, ತಿರುಗುವ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ನಮ್ಮ ಓಣಿಯಲ್ಲಿ ನನ್ನ ಜಂಭಕ್ಕೆ ಮಿತಿಯೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಕೆಲಸ ಅಂದರೆ ನನಗೆ ಪ್ರಾಣ.

ಆದರೆ ಬೈಗುಳ ಮಾತ್ರ ಹೊಟ್ಟೆ ತುಂಬಾ ಸಿಗುತ್ತಿತ್ತು. ನಮ್ಮ ಕಡೆಯ ಜನಕ್ಕೆ ತಮ್ಮ ಮಾತನ್ನು ಇನ್ನೊಬ್ಬರ ಕೈಲಿ ತಣ್ಣಗೆ ಹೇಳಿ ಕಳಿಸಿ ಗೊತ್ತೇ ಇಲ್ಲ. ನಾನು ಫೋನ್ ಎತ್ತಿದ ಕೂಡಲೇ ನಾನೇ ಅವರ ಗಂಡ, ನಾನೇ ಅವರ ಅಳಿಯ, ನಾನೇ ಲಾರಿ ಡ್ರೈವರ್! ಆವರಗೆರೆಯ ಒಬ್ಬ ಹೆಂಗಸು ಗಂಡನಿಗೆ ಸಂದೇಶ ಕಳಿಸಲು ಫೋನ್ ಮಾಡಿದಾಗ ಶುರುವಿನಲ್ಲೇ, “ಏನ್ರೀ, ನಿಮಗೆ ಮನಿ ಮಠ ಐತೋ ಇಲ್ಲೋ? ಮಾಡಿದ ರೊಟ್ಟಿ ಕಟ್ಟಿಗಿ ಆಗೈತೆ. ಬರ್ರಿ ಮೊದ್ಲು ಮನಿಗೆ!” ಅಂತ ನನ್ನ ಕಿವಿ ಹರಿಯುವಂತೆ ಕೂಗುತ್ತಿದ್ದಳು. ನಾನು ಅದೆಲ್ಲವನ್ನೂ ಕೇಳಿಸಿಕೊಂಡು, “ಮನೆಗೆ ಬರ್ರಿ” ಅಂತ ಟೈಪ್ ಮಾಡುತ್ತಿದ್ದೆ. ಗಂಡ ಅದನ್ನು ಓದಿ, ಪಾಪ, ಹೆಂಡತಿ ಪ್ರೀತಿಯಿಂದ ಕರೆದಿದ್ದಾಳೆ ಅಂದುಕೊಂಡು ಇನ್ನೊಂದು ಟೀ ಕುಡಿದು ಹೊರಡುತ್ತಿದ್ದ. ಬಿಸಿ ನನಗೆ, ತಣ್ಣಗಿನದು ಅವನಿಗೆ. ಇದ್ಯಾವ ನ್ಯಾಯ?

ನಮ್ಮ ಸೂಪರ್‌ವೈಸರ್ ಮಂಗಳೂರಿನ ಕಡೆಯವರು. ಅವರಿಗೆ ಅಕ್ಷರ ಉಳಿಸುವ ಚಿಂತೆ. ಡಬ್ಬಿಯ ಪರದೆ ಚಿಕ್ಕದು, ಆದ್ದರಿಂದ ಉಪಚಾರದ ಮಾತೆಲ್ಲ ಕತ್ತರಿಸಿ ಅನ್ನುವುದು ಅವರ ಆಜ್ಞೆ. ಒಮ್ಮೆ ಬಳೆ ವ್ಯಾಪಾರದ ಒಬ್ಬ ಹಿರಿಯ ಸಾಹೇಬರು ಹರಿಹರದ ತಮ್ಮ ಗೆಳೆಯರೊಬ್ಬರಿಗೆ, “ಮೆಹರ್ಬಾನಿ ಮಾಡಿ ಸಂಜಿಗೆ ಅಂಗಡಿಗೆ ಬರ್ರಿ” ಅಂತ ಹೇಳಿಸಿದರು. ಕತ್ತರಿ ಬಿದ್ದು ಹೋದದ್ದು “ಸಂಜೆ ಅಂಗಡಿಗೆ ಬಾ” ಅಂತ. ಆ ಗೆಳೆಯರು ಬರಲೇ ಇಲ್ಲ. ಮರುದಿನ ಸಾಹೇಬರು ನನಗೆ ಫೋನ್ ಮಾಡಿದರು. ಬೈಯಲಿಲ್ಲ, ಮೆತ್ತಗೆ ಕೇಳಿದರು. “ಬೇಟಾ, ಮೆಹರ್ಬಾನಿ ತೆಗೆದುಬಿಟ್ರೆ ಉಳಿಯೋದು ಹುಕುಂ ಅಲ್ಲೇನಮ್ಮಾ?”

ಆ ಮಾತು ನನಗೆ ಚುಚ್ಚಿತು. ಬೈದಿದ್ದರೆ ನಾನೂ ಮನಸ್ಸಿನಲ್ಲೇ ಎರಡು ತಿರುಗಿ ಬೈದು ಸುಮ್ಮನಾಗುತ್ತಿದ್ದೆ. ಮಾತು ಚಿಕ್ಕದು ಮಾಡಿದರೆ ಮಾಡಲಿ, ದನಿ ಕಳಿಸಲು ಏನಾದರೂ ದಾರಿ ಬೇಕಲ್ಲ ಅಂತ ಕೀಬೋರ್ಡಿನ ಮೇಲೆ ಕಣ್ಣಾಡಿಸಿದೆ. ಅಲ್ಲಿ ಅಕ್ಷರಗಳ ಆಚೆ ಚುಕ್ಕಿ, ಗೆರೆಗಳು ಕೆಲಸವಿಲ್ಲದೆ ಕೂತಿದ್ದವು. ಅವತ್ತಿನಿಂದ ಶುರು ಹಚ್ಚಿಕೊಂಡೆ. ಉದ್ಗಾರದ ಗುರುತಿಗೆ ಕೋಲುಚುಕ್ಕಿ ಅಂತ ಹೆಸರಿಟ್ಟೆ. ಪ್ರಶ್ನೆಯ ಗುರುತು ಕುಡುಗೋಲು. ಗದರಿಕೆಗೆ ಒಂದು ಕೋಲುಚುಕ್ಕಿ, ಕೆಂಡಾಮಂಡಲ ಸಿಟ್ಟಿಗೆ ಮೂರು. ಮೆತ್ತಗೆ, ಗೌರವದಿಂದ ಕರೆದರೆ “ಬರ್ರಿ” ಆದ ಮೇಲೆ ಸಾಲಾಗಿ ಚುಕ್ಕಿಗಳು, ದನಿ ಎಳೆದ ಹಾಗೆ. ಬರೀ ಒಂದು ಚುಕ್ಕಿ ಇದ್ದರೆ ಮಾತು ಅಷ್ಟೇ ಅಂತ ಅರ್ಥ, ಸಿಟ್ಟೂ ಇಲ್ಲ, ಸೆಡವೂ ಇಲ್ಲ.

ಮಂಡಿಪೇಟೆಯವರು ವ್ಯಾಪಾರಸ್ಥರು, ಹೊಸ ಮಾಲು ಬಂದರೆ ಬಿಡುತ್ತಾರೆಯೇ? ತಿಂಗಳೊಪ್ಪತ್ತಿನಲ್ಲಿ ಅವರೇ ಹೇಳಿ ಬರೆಸತೊಡಗಿದರು. “ಲೋಡು ಇನ್ನೂ ಬಂದಿಲ್ಲ ಅಂತ ಹಾಕವ್ವ. ಕುಡುಗೋಲು ಒಂದು, ಕೋಲುಚುಕ್ಕಿ ಎರಡು. ಜೋರಾಗಿ ಕಾಣ್ಬೇಕು ನೋಡು.” ಆವರಗೆರೆಯ ಹೆಂಗಸಂತೂ ಕೂಗುವುದನ್ನೇ ಬಿಟ್ಟಳು. “ಮನಿಗೆ ಬರ್ರಿ, ಐದು ಕೋಲು” ಅಂತ ಹೇಳಿ ಫೋನ್ ಇಟ್ಟುಬಿಡುತ್ತಿದ್ದಳು. ಅವಳ ಗಂಡ ಟೀ ಕುಡಿಯದೆ ಓಡುತ್ತಿದ್ದನಂತೆ. ಸೂಪರ್‌ವೈಸರ್ ಮಾತ್ರ ಹಣೆ ಚಚ್ಚಿಕೊಂಡರು. “ಎಂಥ ಮಾರಾಯ್ತಿ ಇದು, ಸಂದೇಶ ಕಳಿಸುವುದೋ, ರಂಗೋಲಿ ಹಾಕುವುದೋ?”

ಇದರಿಂದ ಇನ್ನೊಂದು ಪೀಡೆಯೂ ಹುಟ್ಟಿಕೊಂಡಿತು. ಸಂದೇಶ ಹೋದವರು ತಿರುಗಿ ನಮಗೇ ಫೋನ್ ಮಾಡಿ ವಿಚಾರಿಸತೊಡಗಿದರು. “ಈಗೊಂದು ಮಾತು ಬಂತಲ್ಲ, ಅದನ್ನ ಯಾವ ದನಿಯಾಗ ಹೇಳಿದ್ರು? ನಗ್ತಾ ಹೇಳಿದ್ರೋ, ಹಲ್ಲು ಕಡಿದು ಹೇಳಿದ್ರೋ?” ಅದಕ್ಕೆ ಉತ್ತರ ಕೊಡಬಾರದು ಅಂತ ನಮಗೆ ಕಟ್ಟಪ್ಪಣೆ. ಯಾರ ಮಾತನ್ನೂ ಇನ್ನೊಬ್ಬರಿಗೆ ಬಣ್ಣ ಹಚ್ಚಿ ಹೇಳುವಂತಿಲ್ಲ. “ಕ್ಷಮಿಸಿ, ಸಂದೇಶ ಇರುವುದು ಅಷ್ಟೇ ಸರ್” ಅಂತ ಗಿಳಿಪಾಠ ಒಪ್ಪಿಸಬೇಕು. ಆಫೀಸಿನಲ್ಲಿ ನಮ್ಮ ದನಿಯೂ ಬೇರೆ, ಭಾಷೆಯೂ ಬೇರೆ. ಐತೆ, ಬ್ಯಾಡ ಎಲ್ಲ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬರಬೇಕು. ಮೂಗಿನಲ್ಲಿ ಸ್ವಲ್ಪ, ನಾಲಗೆಯ ತುದಿಯಲ್ಲಿ ಸ್ವಲ್ಪ ಮಾತಾಡಬೇಕು. ಆ ದನಿಯಲ್ಲಿ ನಾನು ಮಾತಾಡಿದರೆ ನಮ್ಮವ್ವನಿಗೂ ನನ್ನ ಗುರುತು ಹತ್ತುತ್ತಿರಲಿಲ್ಲ.

ಹೀಗಿರುವಾಗ ನನಗೊಂದು ಸಂಬಂಧ ಬಂತು. ಹುಡುಗನ ತಂದೆಗೆ ಮಂಡಿಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿ. ಹುಡುಗ ಅದೇ ಅಂಗಡಿಯಲ್ಲಿ ಕೂಡುತ್ತಿದ್ದ. ಒಂದು ಭಾನುವಾರ ಮನೆಮಂದಿಯೆಲ್ಲ ಹರಿಹರಕ್ಕೆ ನೋಡಲು ಬಂದರು. ನಾನು ಅವಲಕ್ಕಿ ತಟ್ಟೆ ಹಿಡಿದು ಹೋದರೆ ಹುಡುಗ ತಲೆ ಎತ್ತಿ, “ನಮ್ಮಪ್ಪನ ಪೇಜರಿಗೆ ಕೋಲುಚುಕ್ಕಿ ಹಾಕೋರು ನೀವೇನಾ? ಅವರಿಗೆ ಬೀಪಿ ಏರಿಸೀರಿ ನೋಡ್ರಿ” ಅಂದ. ಅಂದು, ಮುಖ ತುಂಬಾ ನಕ್ಕ. ನನಗೂ ನಗು ಬಂದು ತಟ್ಟೆಯಲ್ಲಿದ್ದ ಅವಲಕ್ಕಿ ಚೆಲ್ಲಿತು. ನನಗೆ ಆ ಹುಡುಗ ಅಲ್ಲೇ ಇಷ್ಟವಾಗಿಬಿಟ್ಟ. ಇದರಲ್ಲಿ ಮುಚ್ಚುಮರೆ ಏನು ಬಂತು?

ಆದರೆ ಎದ್ದು ಹೊರಡುವಾಗ ಹುಡುಗನ ತಾಯಿ, “ಮದುವಿ ಆದ ಮ್ಯಾಲೆ ಕೆಲ್ಸ ಗಿಲ್ಸ ಬ್ಯಾಡ್ರಿ. ನಮ್ಮನ್ಯಾಗ ಏನು ಕಡಿಮಿ ಐತೆ?” ಅಂದರು. ನಮ್ಮವ್ವ ಆಗಲಿ ಆಗಲಿ ಅಂತ ತಲೆ ಆಡಿಸಿದಳು. ಅಪ್ಪ ಏನೂ ಅನ್ನದೆ ಬಾಗಿಲವರೆಗೆ ಹೋಗಿ ಕಳಿಸಿ ಬಂದ. ಹುಡುಗನ ತಂದೆ ವ್ಯಾನು ಹತ್ತುತ್ತಾ, “ಅಮಾಸಿ ಒಳಗೆ ಒಂದು ಮಾತು ತಿಳಿಸ್ರಿ. ನಾನು ಮಂಡಿ, ಯಾರ್ಡು ಅಂತ ತಿರುಗ್ತಿರ್ತೀನಿ, ಪೇಜರಿಗೇ ಹಾಕಿಬಿಡ್ರಿ” ಅಂದು ಸೊಂಟ ತಟ್ಟಿಕೊಂಡರು.

ಅವರ ವ್ಯಾನು ತಿರುವು ದಾಟಿತೋ ಇಲ್ಲವೋ, ನಾನು ಮನೆಯನ್ನು ತಲೆ ಮೇಲೆ ಹೊತ್ತುಕೊಂಡೆ. ನಮ್ಮವ್ವನಿಗೆ ಬೈದೆ, ಸಂಬಂಧ ತಂದವರಿಗೆ ಬೈದೆ, ಹುಡುಗನ ತಾಯಿಗೆ ಬೈದೆ, ಅವರ ಅಂಗಡಿಯ ಬೆಲ್ಲಕ್ಕೂ ಬೈದೆ. ಅಪ್ಪನಿಗೆ, “ನಿನಿಗೆ ಬಾಯಿ ಇರ್ಲಿಲ್ಲೇನು? ಒಂದು ಮಾತು ಹೇಳಕ್ಕೆ ಬರ್ಲಿಲ್ಲೇನು?” ಅಂದೆ. ಅಪ್ಪ ಚಪ್ಪಲಿ ಮೆಟ್ಟಿ ಗಿರಣಿಗೆ ಹೋದ. ಅಪ್ಪ ಯಾವಾಗಲೂ ಹಾಗೆಯೇ. ಮುಖ ನೋಡಿ ಖಾರದ ಮಾತು ಆಡಲು ಬಾರದು. ಹಿಟ್ಟು ದಪ್ಪಗಾಯಿತು ಅಂತ ಬೈಯಲು ಬಂದ ಗಿರಾಕಿಗೂ ಕೂಡ್ರಿ ಕೂಡ್ರಿ ಅಂತ ಸ್ಟೂಲು ಸರಿಸುವ ಮನುಷ್ಯ. ಹೋಯಿತು ನನ್ನ ಕೆಲಸ ಅಂದುಕೊಂಡೆ. ಬ್ಯಾಡ ಅಂದರೆ ಆ ಹುಡುಗ ಹೋಗುತ್ತಾನೆ, ಹ್ಞೂಂ ಅಂದರೆ ಕೆಲಸ ಹೋಗುತ್ತದೆ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ನನ್ನ ಹೆಡ್‌ಫೋನಿನಲ್ಲಿ ಒಂದು ಕರೆ ಬಂತು. ಹಿಂದೆ ಗಿರಣಿಯ ಗಡಗಡ ಸದ್ದು. ಅದರ ಮೇಲೆ ಕೂಗುವ ದನಿ, “ಹಲೋ, ಪೇಜರ್ ಆಫೀಸೇನ್ರೀ?”

ನಮ್ಮಪ್ಪ!

ಆದರೂ ಬಾಯಿ ತಾನಾಗಿಯೇ ಮೂಗಿನ ದನಿಯಲ್ಲಿ, “ನಮಸ್ಕಾರ, ಸಂದೇಶ ಹೇಳಿ ಸರ್” ಅಂದಿತು. ಗಿರಣಿಯಲ್ಲಿ ನಿಂತೂ ನಿಂತೂ ಅಪ್ಪನ ಕಿವಿ ಅಷ್ಟಕ್ಕಷ್ಟೇ. ಗುರುತು ಹತ್ತಲಿಲ್ಲ. ಅಪ್ಪ ಬೆಲ್ಲದ ಸಾಹುಕಾರರ ನಂಬರು ಹೇಳಿ, “ಮೊದಲು ಒಂದು ಮಾತವ್ವ. ನಿಮ್ಮಲ್ಲಿ ಹರಿಹರದಾಕಿ ಒಬ್ಬಾಕಿ ಐದಾಳೆ. ನನ್ನ ಮಗಳೇ. ಈ ವಿಷಯ ಆಕಿಗೆ ಗೊತ್ತಾಗೋದು ಬ್ಯಾಡ” ಅಂದ.

“ಆಯ್ತು ಸರ್, ಗೊತ್ತಾಗುವುದಿಲ್ಲ” ಅಂದೆ. ಪಕ್ಕದ ಕುರ್ಚಿಯ ಗೆಳತಿ ನನ್ನ ಮುಖ ನೋಡಿ ಏನಾಯಿತೇ ಅಂತ ಹುಬ್ಬು ಹಾರಿಸಿದಳು. ನಾನು ಕೈಸನ್ನೆ ಮಾಡಿ ಸುಮ್ಮನಿರಿಸಿದೆ.

“ಬರ್ಕೋ ಹಂಗಾದ್ರೆ. ಹುಡುಗಿಗೆ ಹುಡುಗ ಒಪ್ಪಿಗೆ. ಕೆಲ್ಸ ಬಿಡಿಸಲ್ಲ. ಸಮ್ಮತ ಇದ್ರೆ ಬರ್ರಿ. ಇಷ್ಟೇ.”

ನನ್ನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಅಪ್ಪ ಆ ಕಡೆ ಬಿಡದೆ ಮಾತಾಡುತ್ತಿದ್ದ. ನೋಡಿದ ಮುಖಕ್ಕೆ ಆಡಲಾರದ್ದನ್ನೆಲ್ಲ ನೋಡದ ಮುಖಕ್ಕೆ ಆಡುತ್ತಿದ್ದ. “ಏನಂತೀಯವ್ವಾ, ನನ್ನ ಮಗಳು ಬಲು ಜೋರು. ಮೊನ್ನೆ ಮನ್ಯಾಗ ಎಲ್ಲಾರಿಗೂ ಬೈದಳು, ಅವರ ಬೆಲ್ಲಕ್ಕೂ ಬೈದಳು. ಹುಡುಗನಿಗೆ ಮಾತ್ರ ಒಂದು ಮಾತು ಅನ್ಲಿಲ್ಲ. ಆಗ್ಲೇ ನನಿಗೆ ತಿಳೀತು. ಆದ್ರೆ ಬೆಳಿಗ್ಗೆ ಬಸ್ಸಿಗೆ ಹೋಗೋವಾಗ ಆಕಿ ಮುಖ ನೋಡ್ಬೇಕು ನೀನು. ನಾನು ಗಿರಣಿ ಬಾಗಿಲು ತೆಗೆಯೋ ಹೊತ್ತಿಗೆ ಮುಂದೆ ಹಾದು ಹೋಗ್ತಾಳೆ, ಎಂಥ ಖುಷಿ ಅಂತೀಯ! ಅದನ್ನ ಬಿಡಿಸಿ ಒಲಿ ಮುಂದೆ ಕೂರಿಸಿದ್ರೆ ನನಿಗೆ ರೊಟ್ಟಿ ಇಳೀತೈತೇನು?”

ನನ್ನ ಕಣ್ಣು ತುಂಬಿ ಪರದೆಯ ಮೇಲಿನ ಅಕ್ಷರಗಳೆಲ್ಲ ಕಲಸಿಹೋದವು. ಈ ಮನುಷ್ಯನಿಗೇ ಅಲ್ಲವೇ ನಾನು ಬಾಯಿಲ್ಲ ಅಂದದ್ದು! ಅಪ್ಪ ಅಂತ ಕೂಗಿಬಿಡೋಣ ಅನ್ನಿಸಿತು. ಕೂಗಿದರೆ ಅವನು ನಾಚಿಕೊಂಡು ಫೋನ್ ಇಟ್ಟುಬಿಡುತ್ತಾನೆ, ಮಾತು ಹೋಗುವುದೇ ಇಲ್ಲ. ತುಟಿ ಕಚ್ಚಿ ಕೂತೆ.

“ಅದೇನೋ ಚುಕ್ಕಿ ಹಾಕ್ತೀರಂತಲ್ಲ” ಅಂತ ಅಪ್ಪ ಕೇಳಿದ. “ಇದು ಸಿಟ್ಟಿನಂಗೆ ಕಾಣ್ಬಾರ್ದು. ಅವರು ದೊಡ್ಡೋರು. ಹಂಗಂತ ಬೇಡಿಕೊಂಡಂಗೂ ಕಾಣ್ಬಾರ್ದು. ನನ್ನ ಮಗಳೇನು ಕಡಿಮಿ ಇಲ್ಲ. ಇದಕ್ಕೆ ಯಾವ ಚುಕ್ಕಿ ಐತೆ?”

ಇಡೀ ಊರಿಗೆ ಚುಕ್ಕಿ ಹಂಚಿದವಳಿಗೆ ಅವತ್ತು ತಲೆಯೇ ಓಡಲಿಲ್ಲ. ಕೋಲು ಹಾಕಿದರೆ ಜಗಳ, ಕುಡುಗೋಲು ಹಾಕಿದರೆ ಅನುಮಾನ, ಸಾಲು ಚುಕ್ಕಿ ಇಟ್ಟರೆ ಕೈ ಚಾಚಿ ನಿಂತ ಹಾಗೆ. ಕೊನೆಗೆ, “ಒಂದೇ ಚುಕ್ಕಿ ಸಾಕು ಸರ್” ಅಂದೆ. ಅಪ್ಪ, “ನಿನಿಗೆ ಸರಿ ಅನ್ಸಿದ್ರೆ ಹಂಗೇ ಹಾಕವ್ವ” ಅಂದ. ಸಂದೇಶವನ್ನು ಒಮ್ಮೆ ಓದಿ ಹೇಳಬೇಕು ಅನ್ನುವುದು ನಮ್ಮ ಕೆಲಸದ ಕ್ರಮ. “ಕೆಲಸ ಬಿಡಿಸುವುದಿಲ್ಲ” ಅಂತ ಓದುವಾಗ ಮೂಗಿನ ದನಿ ಒಡೆಯಿತು. ಅಪ್ಪನಿಗೆ ಗಿರಣಿಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ ಅಂತ ಕಾಣುತ್ತದೆ. “ದೇವರು ಚೆನ್ನಾಗಿಟ್ಟಿರ್ಲಿ ನಿನ್ನ” ಅಂದು ಫೋನ್ ಇಟ್ಟ.

ಕಳಿಸುವ ಕೀಲಿ ಒತ್ತಿದೆ. ಗೆಳತಿಗೆ ಎಲ್ಲ ಹೇಳಿದೆ. “ಏನಾಗಲ್ಲ ಬಿಡೇ, ಒಳ್ಳೇದೇ ಆಗ್ತೈತೆ” ಅಂತ ಅವಳು ನನ್ನ ಕೈ ಹಿಡಿದಳು. ಆ ಮಧ್ಯಾಹ್ನ ನಾನು ಯಾರ ಸಂದೇಶಕ್ಕೆ ಎಷ್ಟು ಕೋಲು ಹಾಕಿದೆನೋ ದೇವರಿಗೇ ಗೊತ್ತು. ಆವರಗೆರೆಯ ಗಂಡನಿಗೆ ಅವತ್ತು ಏನು ಹೋಯಿತೋ, ಪಾಪ.

ಟೀ ಹೊತ್ತಿಗೆ ಗೆಳತಿಯ ಹೆಡ್‌ಫೋನಿಗೆ ಒಂದು ಕರೆ ಬಂತು. ಅವಳು “ಹ್ಞಾಂ ಸರ್, ಹ್ಞಾಂ ಸರ್” ಅನ್ನುತ್ತಾ ನನ್ನ ಕಡೆ ಕಣ್ಣರಳಿಸಿದಳು. ಮೈಕಿಗೆ ಕೈ ಅಡ್ಡ ಹಿಡಿದು, “ಬೆಲ್ಲದೋರು ಕಣೇ! ಯಾವ ದನಿಯಾಗ ಹೇಳಿದ್ರು ಅಂತ ಕೇಳ್ತಾರೆ. ಏನು ಹೇಳ್ಲಿ?” ಅಂತ ಪಿಸುಗುಟ್ಟಿದಳು. ನಾನು ಅವಳ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡೆ.

“ನೋಡವ್ವಾ,” ಅಂದರು ಅವರು. ಹಿಂದೆ ಮಂಡಿಯ ಹಮಾಲರ ಗದ್ದಲ ಕೇಳುತ್ತಿತ್ತು. “ಆ ಹರಿಹರದ ಹಿಟ್ಟಿನ ಗಿರಣಿಯೋರು ಕೊನಿಗೆ ಒಂದೇ ಚುಕ್ಕಿ ಇಟ್ಟಾರೆ. ಕೋಲಿಲ್ಲ, ಏನಿಲ್ಲ. ಬಾಗಿಲು ಹಾಕ್ಕೊಂಡಂಗೆ ಕಾಣ್ತೈತೆ. ಸಿಟ್ಟಿನಾಗ ಹೇಳಿದ್ರೇನು?”

ಅಯ್ಯೋ ನನ್ನ ಚುಕ್ಕಿಗೆ ಬೆಂಕಿ ಬೀಳಲಿ! “ಸಂದೇಶ ಇರುವುದು ಅಷ್ಟೇ ಸರ್” ಅಂತ ಗಿಳಿಪಾಠ ಒಪ್ಪಿಸಿದರೆ ಅಲ್ಲಿಗೆ ಮುಗಿಯಿತು. ಗಾಜಿನ ಆಚೆ ಸೂಪರ್‌ವೈಸರ್ ಕೂತಿದ್ದರು. ಕಂಡರೆ ಕಾಣಲಿ ಅಂದುಕೊಂಡೆ.

“ಸಿಟ್ಟಿನಲ್ಲಿ ಹೇಳಲಿಲ್ಲ ಸರ್” ಅಂದೆ. “ದೊಡ್ಡವರಿಗೆ ಬೇಜಾರಾಗಬಾರದು ಅಂತ ಮತ್ತೆ ಮತ್ತೆ ಹೇಳಿದರು. ಯಾವ ಚುಕ್ಕಿ ಇಡಬೇಕು ಅಂತ ನನ್ನನ್ನೇ ಕೇಳಿದರು. ಮಗಳ ಮೇಲೆ ಜೀವ ಇಟ್ಟುಕೊಂಡಿರುವ ಅಪ್ಪ ಹೆಂಗೆ ಹೇಳ್ತಾನೋ ಹಂಗೆ ಹೇಳಿದ್ರು ಸರ್.”

ಕೊನೆಗೆ ಬರುವಷ್ಟರಲ್ಲಿ ಆಫೀಸಿನ ಭಾಷೆ ಪೂರಾ ಬಿದ್ದುಹೋಗಿತ್ತು. ಆ ಕಡೆ ಅವರು ಗದ್ದಲ ಮಾಡಬ್ಯಾಡ್ರೋ ಅಂತ ಹಮಾಲರನ್ನು ಗದರಿದರು.

“ಹಂಗೋ” ಅಂದರು. ದನಿ ಮೆತ್ತಗಾಗಿತ್ತು. “ಹಂಗಾದ್ರೆ ಒಂದು ಉಪಕಾರ ಮಾಡವ್ವಾ. ನಮ್ಮ ಸೊಸೆ ನಿಮ್ಮಲ್ಲೇ ಕೆಲ್ಸ ಮಾಡ್ತಾಳೆ, ಹರಿಹರದಾಕಿ. ಸಂಜಿಗೆ ಬಸ್ಸಿಗೆ ಕಾಯಬ್ಯಾಡ ಅಂತ ಆಕಿಗೆ ಹೇಳು. ನಾನೂ ನಮ್ಮನಿಯಾಕೀನೂ ಹರಿಹರಕ್ಕೆ ಹೊಂಟೀವಿ, ಆಫೀಸ್ ಮುಂದೆ ವ್ಯಾನು ನಿಲ್ಲಿಸ್ತೀವಿ, ನಮ್ಮ ಜೊತಿಗೇ ಬರ್ಲಿ. ಕೆಲ್ಸದ ವಿಚಾರ ನಮ್ಮನಿಯಾಕಿಗೆ ನಾನು ಹೇಳ್ಕೊಂತೀನಿ.”

ಆಯ್ತು ಸರ್ ಅನ್ನಬೇಕಿತ್ತು. “ಆಯ್ತು ಮಾವಾರೆ” ಅಂದುಬಿಟ್ಟೆ.

ಅದಕ್ಕೆ ಅವರು ನಕ್ಕರು ನೋಡಿ, ಆ ನಗೆ ಹೆಡ್‌ಫೋನ್ ದಾಟಿ ಪಕ್ಕದ ಗೆಳತಿಗೂ ಕೇಳಿಸಿತು. “ಏ ತಮ್ಮಾ, ಬಾರೋ ಇಲ್ಲಿ, ಇದು ಅದೇ ಹುಡುಗಿ ಐತಲ್ಲೋ!” ಅಂತ ಅಂಗಡಿಯೊಳಗೆ ಮಗನನ್ನು ಕೂಗಿದರು. ನಾನು ನಾಚಿಕೆಯಿಂದ ಮೇಜಿನ ಮೇಲೆ ತಲೆ ಇಟ್ಟುಬಿಟ್ಟೆ. ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಅವರು ಮತ್ತೆ ಫೋನಿಗೆ ಬಂದು, ಮನೆಯ ಹುಡುಗಿಗೆ ಹೇಳುವ ಹಾಗೆಯೇ ಹೇಳಿದರು. “ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ, ಅದರ ಚಿಂತಿ ಬಿಡು. ನೀನು ನಿನ್ನ ಕೆಲ್ಸ ನೋಡ್ಕೋ, ಮಗಾ.”